ಏಳನೇ ತಿರುವಿನ ಐಸು

ನಮ್ಮೂರಲ್ಲಿ ಹೊಸದೆಲ್ಲ ಭಾರ. ಮನುಷ್ಯ ಕೈಯಾರೆ ಮಾಡಿದ ವಸ್ತು ಯಾವುದಾದರೂ ಸರಿ, ಅಂಗಡಿಯಿಂದ ಬಂದ ದಿನ ಅದನ್ನು ಎತ್ತಲು ಇಬ್ಬರು ಬೇಕು. ಬಳಸುತ್ತ ಬಳಸುತ್ತ, ವರ್ಷಗಳು ಕಳೆದ ಮೇಲೆ, ಅದೇ ವಸ್ತುವನ್ನು ಮಗುವೂ ಎತ್ತಿಕೊಂಡು ಓಡುತ್ತದೆ. ಹೊಲದಲ್ಲಿ ಬೆಳೆದದ್ದಕ್ಕೆ ಈ ಕಟ್ಟಳೆ ಇಲ್ಲ, ಹುಟ್ಟುವ ಮಕ್ಕಳಿಗೂ ಇಲ್ಲ. ಹೊರಗಿನವರು ಕೇಳಿದರೆ ನಗುತ್ತಾರೆ. ಹೊಸ ಚಪ್ಪಲಿ ಕೊಂಡು ಒಂದು ವಾರ ಜಗುಲಿ ಬಿಟ್ಟು ಏಳಲಾಗದೆ ಕೂತವನಿಗೆ ನಗು ಬರುವುದಿಲ್ಲ. ಮದುವೆ ಸೀರೆಯನ್ನು ನಾವು ಆರು ತಿಂಗಳು ಮೊದಲೇ ತಂದಿಟ್ಟುಕೊಳ್ಳುತ್ತೇವೆ. ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಉಟ್ಟು, ಹುಡುಗಿ ಅದನ್ನುಟ್ಟು ಹಸೆಮಣೆಯವರೆಗೆ ನಡೆಯುವಷ್ಟು ಹಗುರ ಮಾಡಿಕೊಡುತ್ತಾರೆ. ಒಮ್ಮೆ ಯಾರೋ ಹೊಸ ವ್ಯಾನು ತಂದರು. ಅದು ಗುಡ್ಡದ ಮೇಲಿನ ಮೇಲ್ಕೇರಿಗೆ ಹತ್ತುವ ರಸ್ತೆಯ ಮೊದಲ ತಿರುವಿನಲ್ಲೇ ನಿಂತಿತು. ಓಡದೆ ಹಗುರಾಗದು, ಹಗುರಾಗದೆ ಓಡದು. ಈಗ ಅದರೊಳಗೆ ಕೋಳಿ ಸಾಕಿದ್ದಾರೆ.

ಹೀಗಾಗಿ ನಮ್ಮೂರಿಗೆ ಸೈಕಲ್ಲೇ ಗತಿ. ಬೇರೆ ಊರುಗಳಲ್ಲಿ ಸೈಕಲ್ಲಿನ ಹುಚ್ಚು ಹಿಡಿದವರು ಹೊಸ ಹ್ಯಾಂಡಲ್ಲು, ಹೊಸ ಚಕ್ರ ಎಂದು ಬಾಯಿಬಿಡುತ್ತಾರಂತೆ. ನಮ್ಮವರು ಹಳೆಯದಕ್ಕೆ ಬಾಯಿಬಿಡುತ್ತಾರೆ. ಐವತ್ತು ವರ್ಷದ ಪೆಡಲು, ಅರವತ್ತು ವರ್ಷದ ಚೈನು ಎಂದರೆ ಊರಿನ ಗಂಡಸರು ಊಟ ಬಿಟ್ಟು ಎದ್ದು ಬರುತ್ತಾರೆ. ಅಂಥ ಗಂಡಸರಲ್ಲಿ ನಾನೂ ಒಬ್ಬ. ನನ್ನ ಹೆಸರು ಮರಿಸ್ವಾಮಿ.

ನನ್ನ ಕೆಲಸ ಲಸಿಕೆ ಸಾಗಿಸುವುದು. ಪ್ರತಿ ತಿಂಗಳ ಕೊನೆಯ ಬುಧವಾರ ಕೆಳಪೇಟೆಯ ಆಸ್ಪತ್ರೆಯಿಂದ ಮಕ್ಕಳ ಲಸಿಕೆಯನ್ನು ನೀಲಿ ಪೆಟ್ಟಿಗೆಯಲ್ಲಿಟ್ಟು, ಸುತ್ತ ಐಸು ತುಂಬಿ, ಸೈಕಲ್ಲಿನ ಕ್ಯಾರಿಯರಿಗೆ ಬಿಗಿದು, ಒಂಬತ್ತು ತಿರುವುಗಳ ದಾರಿ ಹತ್ತಿ ಮೇಲ್ಕೇರಿಗೆ ಮುಟ್ಟಿಸಬೇಕು. ಪೆಟ್ಟಿಗೆ ನನ್ನ ಪುಣ್ಯಕ್ಕೆ ಹಳೆಯದು, ಪುಸ್ತಕದಷ್ಟು ಹಗುರ; ಆದರೆ ಸವೆದು ಸವೆದು ತಂಪು ಹಿಡಿದಿಡುವ ಶಕ್ತಿಯೂ ಅದಕ್ಕೆ ಉಳಿದಿಲ್ಲ. ಹೊಸ ಪೆಟ್ಟಿಗೆ ಕೊಡುತ್ತೇವೆಂದು ಆಸ್ಪತ್ರೆಯವರು ಎರಡು ಸಲ ಹೇಳಿದ್ದರು, ಎರಡು ಸಲವೂ ನಾನೇ ಕೈಮುಗಿದು ಬೇಡವೆಂದಿದ್ದೆ. ಬೆರಳಷ್ಟಿರುವ ಲಸಿಕೆ ಸೀಸೆಗಳ ಭಾರವನ್ನು ಹೇಗೋ ಸಹಿಸಬಹುದು; ಕಷ್ಟವೆಲ್ಲ ಐಸಿನದು. ಅದು ಅಂದಂದೇ ತಯಾರಾಗಿ ಅಂದಂದೇ ಕರಗುವ ವಸ್ತು, ಹಳೆಯದಾಗಲು ಅದಕ್ಕೆ ಪುರುಸೊತ್ತೆಲ್ಲಿ? ಸೇರು ಗಾತ್ರದ ಐಸಿಗೆ ರಾಗಿ ಮೂಟೆಯ ಭಾರ.

ಇಪ್ಪತ್ತೆರಡು ವರ್ಷ ಮುಟ್ಟಿಸಿದೆ. ಐವತ್ತು ದಾಟಿದ ಮೇಲೆ ಕಾಲು ಮಾತು ಕೇಳದಾದವು. ಕಳೆದ ವರ್ಷ ಬೇಸಗೆ ಶುರುವಾದಾಗ, ಒಂದು ಬುಧವಾರ, ಏಳನೇ ತಿರುವಿನಲ್ಲಿ ಹಿಮ್ಮಡಿಗೆ ತಣ್ಣಗೆ ಏನೋ ತಾಗಿತು. ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮೇಲೆ ಹೋಗಿ ಮುಚ್ಚಳ ತೆಗೆದರೆ ಲಸಿಕೆ ಸೀಸೆಗಳು ಉಗುರುಬೆಚ್ಚಗಿನ ನೀರಲ್ಲಿ ಮುಳುಗಿದ್ದವು. ಮೇಲ್ಕೇರಿಯ ನರ್ಸು ಫಿಲೋಮಿನಾ ಸಿಸ್ಟರ್ ಎಲ್ಲವನ್ನೂ ಚೆಲ್ಲಿದರು. ಮುಂದಿನ ತಿಂಗಳೂ ಅದೇ ತಿರುವು, ಅದೇ ತೊಟ್ಟಿಕ್ಕುವ ನೀರು.

ದೋಷ ಸೈಕಲ್ಲಿನದು ಎಂದು ನಾನು ತೀರ್ಮಾನಿಸಿದೆ. ಹಳೇ ಸಾಮಾನಿನ ಗವಿಯಪ್ಪನ ಅಂಗಡಿಗೆ ಹೋದೆ. ಗವಿಯಪ್ಪ ಒಳ್ಳೆಯ ಮನುಷ್ಯ. ಒಂದು ಸಾಮಾನು ಯಾರ ಕೈಯಲ್ಲಿ ಎಷ್ಟು ವರ್ಷ ಇತ್ತು ಎಂಬುದರಲ್ಲಿ ಸುಳ್ಳು ಹೇಳುವವನಲ್ಲ.

"ಇದು ಟಪಾಲಿನ ಸಿದ್ದಲಿಂಗಪ್ಪನ ರಿಮ್ಮು, ಮರಿಸ್ವಾಮಣ್ಣ," ಎಂದು ಅವನು ಒಂದು ಚಕ್ರದ ರಿಮ್ಮನ್ನು ಕಿರುಬೆರಳಿಗೆ ಸಿಕ್ಕಿಸಿ ತಿರುಗಿಸಿದ. "ಎಪ್ಪತ್ತು ವರ್ಸದ್ದು. ಅವ್ರಪ್ಪ ತುಳಿದು, ಆಮ್ಯಾಲೆ ಅವನು ತುಳಿದ. ನೋಡು, ಊದಿದ್ರೆ ಹಾರ್ತದೆ."

ನನ್ನ ಹತ್ತಿರ ಕೊಡಲು ಇದ್ದದ್ದು ಹಳೆಯ ಸಾಮಾನೇ. ಅಪ್ಪನ ಕೊಡೆ ಕೊಟ್ಟು ಹ್ಯಾಂಡಲ್ಲು ತಂದೆ. ಅಜ್ಜನ ಗಡಿಯಾರ ಕೊಟ್ಟು ಚೈನು, ಪೆಡಲು ತಂದೆ. ರಿಮ್ಮುಗಳಿಗೆ ಗವಿಯಪ್ಪ ಹಿತ್ತಾಳೆ ಕೊಡ ಕೇಳಿದ. ಅದು ನನ್ನ ಹೆಂಡತಿ ಜಯಶೀಲಳ ಅಜ್ಜಿಯ ಕೊಡ, ತುಂಬಿದರೆ ನೀರಿನ ತೂಕ ಮಾತ್ರ, ಕೊಡದ ತೂಕವೇ ಇಲ್ಲ. ಅವಳನ್ನು ಕೇಳಿದೆನೋ, ಹೇಳಿದೆನೋ ಈಗ ನೆನಪು ಮಾಡಿಕೊಳ್ಳಲು ನಾಚಿಕೆಯಾಗುತ್ತದೆ. ಕೊಟ್ಟುಬಿಟ್ಟೆ. ಅದರ ಬದಲಿಗೆ ಮನೆಗೆ ಒಂದು ಹೊಸ ಸ್ಟೀಲ್ ಕೊಡ ಬಂತು. ಜಯಶೀಲ ಅದನ್ನು ನಲ್ಲಿಯಿಂದ ಮನೆಯವರೆಗೆ ನಾಲ್ಕು ಕಡೆ ಇಳಿಸಿ ಇಳಿಸಿ ತರಬೇಕಾಯಿತು.

ನನ್ನ ಸೈಕಲ್ಲು ಮಾತ್ರ ಎಂಥ ಸೈಕಲ್ಲಾಯಿತು! ಗಾಳಿ ಬೀಸಿದರೆ ಜಾರಿಕೊಂಡು ಹೋಗುತ್ತದೆಂದು ಕಲ್ಲು ಕಟ್ಟಿ ನಿಲ್ಲಿಸುತ್ತಿದ್ದೆ. ಸಂಜೆ ಅದನ್ನು ಗೋಡೆಯ ಮೊಳೆಗೆ ಅಂಗಿಯಂತೆ ತೂಗುಹಾಕುತ್ತಿದ್ದೆ. ಊರಿನ ಗಂಡಸರು ಬಂದು ಒಬ್ಬೊಬ್ಬರಾಗಿ ಎತ್ತಿ ನೋಡಿ, ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು.

ಮೂರನೇ ತಿಂಗಳ ಬುಧವಾರದ ಲಸಿಕೆ ನನ್ನ ಮೊಮ್ಮಗಳಿಗೂ ಬೇಕಿತ್ತು. ಮಗಳು ಸೌಭಾಗ್ಯಳನ್ನು ಮೇಲ್ಕೇರಿಗೇ ಕೊಟ್ಟಿದ್ದೇವೆ. ಅವಳ ಮಗುವಿಗೆ ಆಗ ಒಂದೂವರೆ ತಿಂಗಳು, ಅದರ ಮೊದಲ ಸೂಜಿ. ಹಗುರವಾದ ಸೈಕಲ್ಲೇರಿ ಮೊದಲ ನಾಲ್ಕು ತಿರುವುಗಳನ್ನು ನಾನು ಗಿಡುಗನ ಹಾಗೆ ಹತ್ತಿದೆ. ಐದನೆಯದರಲ್ಲಿ ಉಸಿರು ಹಿಡಿದುಕೊಂಡಿತು. ಅಲ್ಲಿರುವ ಹುಣಸೆ ಮರದ ಕೆಳಗೆ, ಎಂದಿನಂತೆ, ಸುಧಾರಿಸಿಕೊಳ್ಳಲು ಕೂತೆ. ಎದ್ದಾಗ ಕಾಲು ಕಟ್ಟಿಗೆಯಾಗಿದ್ದವು. ಏಳನೇ ತಿರುವಿನಲ್ಲಿ ಹಿಮ್ಮಡಿ ಒದ್ದೆಯಾಯಿತು.

ನಾನು ಅಲ್ಲೇ ಸೈಕಲ್ಲು ಹಿಡಿದು ನಿಂತಿದ್ದಾಗ ಕೆಳಗಿನಿಂದ ಮಾತಿನ ಸದ್ದು ಕೇಳಿಸಿತು. ನಂಜಕ್ಕ ಬರುತ್ತಿದ್ದಳು. ನಂಜಕ್ಕನದು ನಮ್ಮೂರಲ್ಲಿ ಮಾತ್ರ ಇರಬಹುದಾದ ಕಸುಬು. ಹೊಸ ಸೈಕಲ್ಲು ಕೊಂಡವರು ಅದನ್ನು ಅವಳ ಮನೆ ಮುಂದೆ ತಂದು ಬಿಡುತ್ತಾರೆ. ಅವಳು ಐದಾರು ತಿಂಗಳು ದಿನವೂ ಅದನ್ನು ತುಳಿದು, ಮೇಲ್ಕೇರಿ ಹತ್ತಿಸಿ ಇಳಿಸಿ, ಹಗುರ ಮಾಡಿ ಒಪ್ಪಿಸುತ್ತಾಳೆ. ಹಗುರಾದ ದಿನ ಅದು ಅವಳ ಕೈಬಿಟ್ಟು ಹೋಗುತ್ತದೆ, ಮಾರನೆಯ ದಿನ ಮತ್ತೊಂದು ಭಾರದ್ದು ಬರುತ್ತದೆ. ವಯಸ್ಸು ಅರವತ್ತೆರಡು, ಕಡ್ಡಿಯಂಥ ಹೆಂಗಸು. ಅಂದು ಅವಳು ತುಳಿಯುತ್ತಿದ್ದ ಸೈಕಲ್ಲಿಗೆ ಸುತ್ತಿದ್ದ ಕಾಗದವನ್ನೂ ಇನ್ನೂ ಬಿಚ್ಚಿರಲಿಲ್ಲ. ಸೀಟಿನ ಮೇಲೆ ಒಂದು ಕೆಂಪು ಟವಲನ್ನು ಮಡಚಿ ಕಟ್ಟಿಕೊಂಡು, ರಸ್ತೆಯ ಹೊರ ಅಂಚಿನಲ್ಲಿ, ತನ್ನಷ್ಟಕ್ಕೆ ತಾನು ಯಾವುದೋ ನಾದಿನಿಯ ದೂರು ಹೇಳಿಕೊಳ್ಳುತ್ತ ಬಂದಳು.

"ಏನ್ಲಾ ಮರೀ, ಐಸು ಬಸೀತಾ ಅದಲ್ಲ," ಎಂದವಳೇ, ನಿಲ್ಲದೆ, ನಾದಿನಿಯ ದೂರನ್ನು ಬಿಟ್ಟಲ್ಲಿಂದ ಮುಂದುವರಿಸಿ ಎಂಟನೇ ತಿರುವಿನಲ್ಲಿ ಮರೆಯಾದಳು.

ಮೇಲೆ ಹದಿನೇಳು ಜನ ತಾಯಂದಿರು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಸೌಭಾಗ್ಯಳೂ ಇದ್ದಳು. ಸಿಸ್ಟರ್ ಪೆಟ್ಟಿಗೆಗೆ ಕೈಹಾಕಿ ನೋಡಿ, ನನ್ನನ್ನು ಬಾಗಿಲ ಹೊರಗೆ ಕರೆದರು.

"ಮರಿಸ್ವಾಮಿ, ಮೂರು ಸಲ ಆಯ್ತು. ನಾನು ಮುಚ್ಚಿಡೋಕೆ ಆಗಲ್ಲ. ಮುಂದಿನ ತಿಂಗಳೂ ಹೀಗೇ ಆದ್ರೆ ಮೇಲ್ಕೇರಿಗೆ ಲಸಿಕೆ ಬರೋದು ನಿಂತುಹೋಗುತ್ತೆ. ಕೂಸು ಕಟ್ಕೊಂಡು ಕೆಳಗೆ ಬನ್ನಿ ಅಂತಾರೆ. ಇವರಲ್ಲಿ ಎಷ್ಟು ಜನ ಇಳಿದು ಬರ್ತಾರೆ, ನೀವೇ ಹೇಳಿ."

ಸೌಭಾಗ್ಯ ನನ್ನ ಮುಖ ನೋಡಲಿಲ್ಲ, ಮಗುವಿನ ಕುಲಾವಿ ಸರಿಮಾಡುತ್ತ ಕೂತಿದ್ದಳು. ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮನೆಗೆ ಬಂದು ಜಯಶೀಲಳಿಗೆ ಹೇಳಿದೆ, ಇಷ್ಟೆಲ್ಲ ಹಗುರ ಮಾಡಿದರೂ ಅದೇ ಜಾಗದಲ್ಲೇ ಕರಗಿತು, ಹಾಗಾದರೆ ಭಾರವೆಲ್ಲ ಎಲ್ಲಿ ಹೋಯಿತು ಎಂದು. ಅವಳು ಸ್ಟೀಲ್ ಕೊಡವನ್ನು ಎರಡು ಕೈಯಲ್ಲಿ ಎಳೆದುಕೊಂಡು ಬರುತ್ತಿದ್ದಳು.

"ಎಲ್ಲೂ ಹೋಗಿಲ್ಲ," ಎಂದಳು. "ನಿಮ್ಮ ಸೈಕಲ್ಲಿಂದ ಇಳಿದು ನನ್ನ ಸೊಂಟಕ್ಕೆ ಬಂದದೆ."

ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಆ ರಾತ್ರಿ ಊಟಕ್ಕೆ ಕೂತಾಗ ಹೊಳೆದದ್ದು ನಂಜಕ್ಕನ ಕೆಂಪು ಟವಲು. ಸೈಕಲ್ಲು ಎಷ್ಟು ಬದಲಾದರೂ ಅವಳು ಟವಲು ಕಟ್ಟುವುದು ತಪ್ಪುವುದಿಲ್ಲ. ಅದು ಮುತ್ತಜ್ಜಿಯ ಕಾಲದ್ದಿರಬೇಕು, ನೂರು ವರ್ಷದ್ದಿರಬೇಕು, ಹೊಸ ಸೈಕಲ್ಲಿನ ಭಾರವನ್ನೂ ಎಳೆದು ಮೇಲೆತ್ತುವಷ್ಟು ಹಗುರವಿರಬೇಕು. ನಮ್ಮೂರಿನವನಿಗೆ ಮಾತ್ರ ಹುಟ್ಟುವ ಯೋಚನೆ ಅದು. ಬೆಳಿಗ್ಗೆಯೇ ಅವಳ ಮನೆಗೆ ಹೋಗಿ, ಮುಂದಿನ ತಿಂಗಳ ಬುಧವಾರಕ್ಕೊಂದು ದಿನ ಆ ಟವಲು ಕೊಡಕ್ಕ ಎಂದು ಕೇಳಿದೆ.

ಅವಳು ರಾಗಿ ರೊಟ್ಟಿ ತಟ್ಟುತ್ತಿದ್ದಳು. "ಹಗ್ಗದ ಮ್ಯಾಲದೆ, ತಗೋ ಹೋಗು," ಎಂದಳು.

ಎಳೆದೆ. ಟವಲು ದೊಪ್ಪನೆ ಕೆಳಗೆ ಬಿದ್ದು ನನ್ನ ಕಾಲ್ಬೆರಳು ಜಜ್ಜಿತು. ನಾನು ಒಂಟಿ ಕಾಲಲ್ಲಿ ಕುಣಿಯುವುದನ್ನು ನೋಡಿ ನಂಜಕ್ಕ ಹಿಟ್ಟಿನ ಕೈಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹೋದ್ ವಾರ ಸಂತೇಲಿ ತಂದಿದ್ದು ಕಣ್ಲಾ. ಹೊಸ ಸೀಟು ಒತ್ತುತದೆ, ಉರೀತದೆ ಅಂತ ಕಟ್ಕತೀನಿ. ಹಳೇದಾಯ್ತು ಅಂದ್ರೆ ಯಾರಾರ ಇಸ್ಕಂಡು ಹೋಯ್ತಾರೆ."

ಕಾಲ್ಬೆರಳಿನ ನೋವಿಗಿಂತ ಹೆಚ್ಚು ನೋವಾದದ್ದು ಬೇರೆ ಕಡೆ. ಇಪ್ಪತ್ತೆರಡು ವರ್ಷ ಆ ದಾರಿಯಲ್ಲಿ ಓಡಾಡಿ, ನನಗಿಂತ ಹಿರಿಯ ಹೆಂಗಸು, ಭಾರದ ಸೈಕಲ್ಲು, ಭಾರದ ಸೀಟು, ಭಾರದ ಟವಲಿನ ಮೇಲೆ ಕೂತು ನನ್ನನ್ನು ಹಿಂದೆ ಹಾಕಿ ಹೋಗುವುದನ್ನು ಕಣ್ಣಾರೆ ನೋಡಿ, ನಾನು ಅವಳ ಟವಲು ಕೇಳಲು ಬಂದಿದ್ದೆ. ಅವಳನ್ನು ಕೇಳಲು ಬಂದಿರಲಿಲ್ಲ. ಅಲ್ಲೇ ಜಗುಲಿಯ ಮೇಲೆ ಕುಸಿದು ಕೂತೆ. ಮೊಮ್ಮಗಳ ವಿಷಯ, ಸಿಸ್ಟರ್ ಹೇಳಿದ್ದು ಎಲ್ಲ ಹೇಳಿದೆ. ನಂಜಕ್ಕ ರೊಟ್ಟಿ ಬೇಯಿಸಿ ಮುಗಿಸಿ ಕೈ ತೊಳೆದಳು.

"ನಾಳೆ ಬೆಳಿಗ್ಗೆ ಬಾ," ಎಂದಳು. "ನಿನ್ನ ಗಾಳಿಪಟ ತಗಂಡು ಬಾ."

ಮಾರನೆಯ ದಿನ ಮೊದಲ ತಿರುವಿನಲ್ಲೇ ಅವಳು ನನ್ನನ್ನು ತಡೆದಳು. "ಯಾಕಂಗೆ ತುಳೀತೀಯ? ಹಾವು ತುಳಿದಂಗೆ? ಪೆಡಲನ್ನ ಕೆಳಕ್ಕೆ ಗುದ್ದಬ್ಯಾಡ. ಸುತ್ತು. ಬೀಸೋ ಕಲ್ಲು ಸುತ್ತತೀವಲ್ಲ, ಹಂಗೆ. ಕೆಳಗಿಂದ ಮ್ಯಾಕೆ ಬರುವಾಗ್ಲೂ ಕಾಲಿಗೆ ಕೆಲ್ಸ ಇರ್ಬೇಕು." ಎರಡನೆಯದರಲ್ಲಿ ಮತ್ತೆ ತಡೆದಳು. ನಾನು ದಾರಿ ಉಳಿಸಲು ತಿರುವಿನ ಒಳ ಅಂಚು ಹಿಡಿಯುತ್ತಿದ್ದೆ. ಒಳ ಅಂಚು ಹತ್ತಿರ, ಆದರೆ ಅಲ್ಲೇ ರಸ್ತೆ ಗೋಡೆಯಂತೆ ಏಳುತ್ತದೆ. ಹೊರ ಅಂಚು ಸುತ್ತು, ಆದರೆ ಮಟ್ಟಸ. ಇಪ್ಪತ್ತೆರಡು ವರ್ಷ ಒಂಬತ್ತು ಗೋಡೆ ಹತ್ತಿದ್ದೆ ನಾನು. ಆಮೇಲೆ ಸೀಟನ್ನು ಎರಡು ಬೆರಳು ಏರಿಸಿದಳು, ಹ್ಯಾಂಡಲ್ಲನ್ನು ಕತ್ತು ಹಿಚುಕುವ ಹಾಗೆ ಹಿಡಿಯಬೇಡವೆಂದು ಕೈಮೇಲೆ ಬಾರಿಸಿದಳು.

ಎಲ್ಲಕ್ಕಿಂತ ಕಷ್ಟದ ಪಾಠ ಮಾತು. "ಮಾತಾಡ್ಕಂಡು ಹತ್ತಬೇಕು," ಎಂದಳು. "ಬಾಯಿ ಆಡ್ತಾ ಇರ್ಲಿ. ಮಾತು ಕಡಿದ್ರೆ ಜಾಸ್ತಿ ತುಳೀತಿದೀಯ ಅಂತ ಲೆಕ್ಕ. ನಿಧಾನ ಮಾಡು, ಮಾತು ವಾಪಸ್ ಬರ್ತದೆ. ನೀನು ನಾಕು ತಿರುವು ಮೂಕನ ಹಂಗೆ ಹತ್ತತೀಯ, ಹುಣಸೆ ಮರದಡಿ ಕುಂತು ಅರ್ಧ ಗಂಟೆ ಕಳೀತೀಯ. ಐಸು ಕರಗಾದು ಅಲ್ಲಿ, ಏಳನೇ ತಿರುವಲ್ಲಲ್ಲ."

ಅದುವರೆಗೂ ನಂಜಕ್ಕ ಒಂಟಿತನಕ್ಕೆ ಗೊಣಗಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಒಂದು ದಿನ ಕೇಳಿದೆ, ಇಷ್ಟು ವರ್ಷ ಯಾರ ಜೊತೆ ಮಾತಾಡುತ್ತಿದ್ದೆ ಅಕ್ಕ ಎಂದು. "ಯಾರಿದ್ದಾರೆ? ಸೈಕಲ್ ಜೊತೆ," ಎಂದಳು. ಎರಡು ಸುತ್ತು ತುಳಿದು, "ನಂಗೆ ಒಬ್ಬ ಮಗ ಇದ್ದ ಕಣ್ಲಾ. ಆಗ ನಾವು ಮ್ಯಾಲೇ ಇದ್ದಿದ್ದು. ಮೇಲ್ಕೇರಿಗೆ ಪೆಟ್ಟಿಗೆ ಬರಾಕೆ ಮುಂಚೆ," ಎಂದಳು. ಮುಂದಿನ ಎರಡು ತಿರುವು ನನಗೇ ಮಾತು ಕಡಿಯಿತು. ಅವಳು ಬೈಯಲಿಲ್ಲ.

ಒಂದು ತಿಂಗಳು ದಿನವೂ ಹತ್ತಿದೆವು. ನಿಲ್ಲದೆ ಹತ್ತುವುದು ನನಗೆ ರೂಢಿಯಾಯಿತು ಎನ್ನುವಾಗ, ಬುಧವಾರದ ಹಿಂದಿನ ದಿನ ಮಧ್ಯಾಹ್ನ, ಇಳಿಜಾರಿನಲ್ಲಿ ಒಂದು ಸಣ್ಣ ಕಲ್ಲಿನ ಮೇಲೆ ಹರಿದು ಟಪಾಲಿನ ಸಿದ್ದಲಿಂಗಪ್ಪನ ರಿಮ್ಮು ಹಪ್ಪಳದಂತೆ ಮುರಿಯಿತು. ಗವಿಯಪ್ಪನ ಹತ್ತಿರ ಬೇರೆ ಇರಲಿಲ್ಲ. ನಾನು ತಲೆಯ ಮೇಲೆ ಕೈಹೊತ್ತು ಕೂತೆ.

ನಂಜಕ್ಕ ತನ್ನ ಮನೆ ಮುಂದಿನ ಸೈಕಲ್ಲು ತೋರಿಸಿದಳು. "ಮೇಷ್ಟ್ರುದು. ಮೂರು ವಾರದ್ದು. ಇದರಲ್ಲಿ ಹೋಗು. ಅವರನ್ನ ನಾನ್ ಕೇಳ್ಕತೀನಿ."

"ಅಕ್ಕ, ಇದರ ಜೊತೆಗೆ ಐಸು! ನನ್ನ ಕೈಲಾಗಲ್ಲ. ಈ ಸಲ ನೀನೇ ಮುಟ್ಟಿಸಿಬಿಡು. ಕೂಸುಗಳ ವಿಷಯ ಇದು."

"ಕೂಸುಗಳ ವಿಸಯ ಅಂತ ನಂಗೆ ನೀನು ಹೇಳ್ಕೊಡಬ್ಯಾಡ. ನಾನು ಹಿಂದ್ಗಡೆ ಇನ್ನೊಂದರಲ್ಲಿ ಬರ್ತೀನಿ. ಮಾತಾಡ್ಕಂಡು ಹೋಗು, ನಂಗೆ ಕೇಳೋಹಂಗೆ ಗಟ್ಟಿಯಾಗಿ. ಮಾತು ಕಡಿದು ಹುಣಸೆ ಮರದ ತಾವ ಕಾಲು ಕೆಳಗಿಟ್ಯೋ, ಪೆಟ್ಟಿಗೆ ನಾನು ತಗತೀನಿ. ಆಮ್ಯಾಲೆ ಕೆಲ್ಸಾನೂ ನಂದೇ. ಒಪ್ಪಿಗೇನಾ?"

ಒಪ್ಪಿದೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಬುಧವಾರ ಬೆಳಿಗ್ಗೆ ಪೆಟ್ಟಿಗೆ ಬಿಗಿದು ಪೆಡಲಿಗೆ ಕಾಲಿಟ್ಟಾಗ ಸೈಕಲ್ಲು ನೆಲಕ್ಕೆ ಬೇರು ಬಿಟ್ಟ ಹಾಗಿತ್ತು. ಸುತ್ತಿದೆ. ಎರಡನೇ ಸುತ್ತಿಗೆ ಅದು ಅಲುಗಿತು. ಏನು ಮಾತಾಡುವುದು? ಮೊಮ್ಮಗಳಿಗೆ ಹೇಳುವಂತೆ ಶುರುಮಾಡಿದೆ. ನಿನ್ನ ತಾತನಂಥ ದಡ್ಡ ಇನ್ನೊಬ್ಬನಿಲ್ಲ ಕಣಮ್ಮ ಎಂದೆ. ಕೊಡೆ, ಗಡಿಯಾರ, ನಿನ್ನ ಅಜ್ಜಿಯ ಕೊಡ ಎಲ್ಲ ಕೊಟ್ಟು ಗಾಳಿ ಕೊಂಡ ಕಥೆ ಕೇಳು ಎಂದೆ. ಹೊಲದಲ್ಲಿದ್ದವರು ತಲೆಯೆತ್ತಿ ನೋಡಿ, ಮರಿಸ್ವಾಮಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಮೂರನೇ ತಿರುವಿನಲ್ಲಿ ಹಳೆಯ ಚಟ ಎದ್ದು ಕಾಲು ಗುದ್ದತೊಡಗಿತು, ಮಾತು ತುಂಡಾಯಿತು. ನಿಧಾನಿಸಿದೆ, ವಾಪಸು ಬಂತು. ಹುಣಸೆ ಮರ ಕಂಡಿತು. ಅದರ ನೆರಳು ರಸ್ತೆಯ ಮೇಲೆ ಚಾಪೆಯಂತೆ ಬಿದ್ದಿತ್ತು. ಇಷ್ಟು ವರ್ಷ ನಾನು ಕೂತು ನುಣುಪಾದ ಬೇರು ಕರೆಯಿತು. ನಿನ್ನ ತಾತ ಕೂರುತ್ತಿದ್ದ ಜಾಗ ಇದೇ ಕಣಮ್ಮ, ಇಲ್ಲೇ ನಿನ್ನ ಹೋದ ತಿಂಗಳ ಸೂಜಿ ಕರಗಿದ್ದು, ಎಂದು ಗಟ್ಟಿಯಾಗಿ ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರು ಬಂತು. ಕಾಲು ಸುತ್ತುತ್ತಲೇ ಇದ್ದವು. ಮರ ಹಿಂದೆ ಹೋಯಿತು.

ಏಳನೇ ತಿರುವಿನಲ್ಲಿ ಹಿಮ್ಮಡಿಯನ್ನೇ ಗಮನಿಸುತ್ತ ಹತ್ತಿದೆ. ಒಣಗಿತ್ತು. ಎಂಟನೆಯದಕ್ಕೆ ಒಂದು ಹನಿ ಬಿತ್ತು, ಒಂದೇ. ನನ್ನ ಗಂಟಲು ಒಡೆದಿತ್ತು. ಹೇಳಲು ಕಥೆ ಉಳಿಯದೆ ಓಣಿಯ ಜನರ ಹೆಸರುಗಳನ್ನೇ ಒಂದೊಂದಾಗಿ ಕೂಗುತ್ತ ಒಂಬತ್ತನೆಯದನ್ನು ದಾಟಿದೆ.

ಸಿಸ್ಟರ್ ಮುಚ್ಚಳ ತೆಗೆದು ಕೈ ಒಳಗಿಟ್ಟರು. ಹಾಗೇ ನಿಂತರು. ಆಮೇಲೆ ಅವರು ಎರಡೂ ಕೈ ಸೇರಿಸಿ, ಕಷ್ಟಪಟ್ಟು, ನಿಂಬೆಹಣ್ಣಿನ ಗಾತ್ರದ ಒಂದು ಚೂರನ್ನು ಮೇಲೆತ್ತಿ ನನ್ನ ಅಂಗೈಗೆ ಹಾಕಿದರು. ಕೈ ಕೆಳಕ್ಕೆ ಜಗ್ಗಿತು. ಅಷ್ಟು ಭಾರವಾದದ್ದನ್ನು ನಾನು ಇಷ್ಟಪಟ್ಟು ಹಿಡಿದದ್ದು ಅದೇ ಮೊದಲು. ಒಳಗೆ ಮೊಮ್ಮಗಳು ಸೂಜಿ ಚುಚ್ಚಿಸಿಕೊಂಡು ಕಿರುಚಿದ್ದು ಕೇಳಿಸಿತು. ಸೌಭಾಗ್ಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಹೊರಬಂದು, "ಅಪ್ಪ, ಕಾಫಿ ಕುಡ್ಕೊಂಡು ಹೋಗಿ," ಎಂದಳು. ನನ್ನ ಮುಖ ನೋಡಿಯೇ ಹೇಳಿದಳು.

ನಂಜಕ್ಕ ಮಾತ್ರ ಬರಲೇ ಇಲ್ಲ. ಬಿದ್ದಳೋ ಏನೋ ಎಂದು ಗಾಬರಿಯಲ್ಲಿ ಇಳಿದರೆ, ಹುಣಸೆ ಮರದಡಿ ನನ್ನ ಬೇರಿನ ಮೇಲೆಯೇ ಕಾಲು ಚಾಚಿ ಕೂತಿದ್ದಳು.

"ಇಲ್ಲೇ ಕುಂತ್ಬುಟ್ಟೆ," ಎಂದಳು. "ಇಲ್ಲಿಂದ ಮ್ಯಾಕೆ ಒಂಬತ್ನೇ ತಿರುವಿನ ಗಂಟ ಕೇಳ್ತಿತ್ತಲ್ಲ ನಿನ್ನ ಬಾಯಿ. ಇನ್ನು ನಾನ್ಯಾಕೆ?"

ಮೇಷ್ಟರ ಸೈಕಲ್ಲನ್ನು ಎತ್ತಿ ನೋಡಿದಳು, ಇಳಿಸಿದಳು, ಮತ್ತೆ ಎತ್ತಿದಳು. "ಒಂದೇ ದಿನಕ್ಕೆ ಒಂದು ವಾರದಷ್ಟು ಇಳಿಸಿದೀಯ," ಎಂದು ಅದನ್ನು ತಾನು ತೆಗೆದುಕೊಂಡು, ತನ್ನದನ್ನು ನನಗೆ ಕೊಟ್ಟಳು. ಅದು ಇನ್ನೂ ಭಾರದ್ದು.

ಮುರಿಯದೆ ಉಳಿದ ಹಳೆಯ ಭಾಗಗಳನ್ನೆಲ್ಲ ನಾನು ಗವಿಯಪ್ಪನಿಗೆ ವಾಪಸು ಕೊಟ್ಟೆ. ಹಿತ್ತಾಳೆ ಕೊಡವನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ, ಬರುತ್ತೀಯೆಂದು ಗೊತ್ತಿತ್ತು ಎಂದ. ಕೊಡೆ ಗಡಿಯಾರಗಳು ಹೋದವು, ಹೋಗಲಿ. ನನ್ನ ಸೈಕಲ್ಲಿಗೆ ಈಗ ಹೊಸ ರಿಮ್ಮು, ಹೊಸ ಚೈನು. ಅಂಗಡಿಯಿಂದ ಮನೆಗೆ ತರಲು ಇಬ್ಬರನ್ನು ಕರೆಯಬೇಕಾಯಿತು. ತಂಪು ಹಿಡಿಯುವ ಹೊಸ ಪೆಟ್ಟಿಗೆಯನ್ನೂ ನಾನೇ ಕೇಳಿ ತಂದೆ. ಅದನ್ನು ನೋಡಿ ಗಂಡಸರು ನಗುತ್ತಾರೆ, ನಾನು ಮಾತಾಡಿಕೊಂಡು ಹತ್ತುತ್ತೇನೆ. ಹನ್ನೊಂದು ತಿಂಗಳಾಯಿತು, ಒಂದು ಬುಧವಾರವೂ ಐಸು ಕರಗಿಲ್ಲ. ಸೈಕಲ್ಲು ಇನ್ನೂ ಭಾರವೇ. ಐವತ್ತಮೂರು ವರ್ಷ ನಾನು ಹಗುರವೆಂದು ಎತ್ತಿಕೊಂಡದ್ದೆಲ್ಲ ಬೇರೆ ಯಾರೋ ಹೊತ್ತು ಹಗುರ ಮಾಡಿಟ್ಟದ್ದು. ಇದೊಂದನ್ನು ಮಾತ್ರ ನಾನು ಮಾಡುತ್ತಿದ್ದೇನೆ.

ಕೊಡವನ್ನು ಮನೆಗೆ ತಂದ ದಿನ ಜಯಶೀಲ ಅದರ ಧೂಳು ಒರೆಸಿದಳು. ಅದನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು, ನಲ್ಲಿಗೆ ಹೊರಟಳು. ಬಾಗಿಲು ದಾಟಿದವಳು ತಿರುಗಿ ಬಂದು, ಮೂಲೆಯಲ್ಲಿದ್ದ ಸ್ಟೀಲ್ ಕೊಡವನ್ನು ನನ್ನ ಕಡೆ ಕಾಲಿಂದ ತಳ್ಳಿದಳು.

"ಇದು ನಿಮ್ಮದು," ಎಂದಳು. "ಬನ್ನಿ, ಮಾತಾಡ್ಕೊಂಡು ತರೋಣ."